ಕುರ್ಚಿ ಕೊಡದ ಮಾಷ್ಟ್ರು

ಹೊಸದಾಗಿ ಸಂಗೀತ ಕಲಿಸಲು ಹೊರಟ ಹುಡುಗ ಹುಡುಗಿಯರೇ, ರಾಗ ತಾಳದ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ನೀವೆಲ್ಲ ಓದಿದವರು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ವಯಲಿನ್ ಹಿಡಿದವ. ಅದಕ್ಕೇ ಒಂದೇ ಒಂದು ಮಾತು ಹೇಳುತ್ತೇನೆ: ಪಾಠ ಸುರು ಮಾಡುವ ಮೊದಲು ಎದುರಿಗಿರುವ ಮಗು ಹೇಗೆ ಕೂತಿದೆ ನೋಡಿ. ನಾನು ಬಹಳ ವರ್ಷ ಅದನ್ನು ನೋಡಲಿಲ್ಲ. ನೋಡಿದಾಗ ತಪ್ಪು ಕಾರಣಕ್ಕೆ ನೋಡಿದೆ.

ನನ್ನ ಕೆಲಸ ಬಸ್ಸಿನಲ್ಲಿ ತಿರುಗುವ ಕೆಲಸ. ಸೋಮವಾರ ಸುಳ್ಯ, ಬುಧವಾರ ಈಶ್ವರಮಂಗಲ, ಶನಿವಾರ ಕಡಬ, ಭಾನುವಾರ ಪುತ್ತೂರಿನಲ್ಲಿ ಮನೆಯಲ್ಲೇ. ವಯಲಿನ್ ಪೆಟ್ಟಿಗೆಯನ್ನು ಮೇಲಿನ ಕ್ಯಾರಿಯರಿನಲ್ಲಿ ಇಡಲು ಧೈರ್ಯವಿಲ್ಲದೆ ಮಡಿಲಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಸುಳ್ಯದ ಬಸ್ಸಿನ ಕಂಡಕ್ಟರ್ ಒಬ್ಬ ಪ್ರತಿ ಸಲ ಕೇಳುವುದು, "ಮಾಷ್ಟ್ರೇ, ಮಗು ಮಲಗಿತಾ? ಅದಕ್ಕೆ ಹಾಫ್ ಟಿಕೆಟ್ ಮಾಡುವುದಾ?" ನಾನು ಪ್ರತಿ ಸಲ ನಗುತ್ತಿದ್ದೆ. ಆ ಬಸ್ಸುಗಳಲ್ಲಿ ನಾನು ಸುಖಿಯಾಗಿದ್ದೆ. ಇಳಿದ ಕೂಡಲೇ ಮಕ್ಕಳು ಓಡಿ ಬಂದು ಪೆಟ್ಟಿಗೆ ಹಿಡಿಯುತ್ತಿದ್ದರು, ಯಾರದ್ದೋ ಮನೆಯ ಚಾವಡಿಯಲ್ಲೋ, ಭಜನಾ ಮಂದಿರದಲ್ಲೋ ಚಾಪೆ ಹಾಸಿರುತ್ತಿತ್ತು, ಬೆಲ್ಲದ ಚಹಾ ಬರುತ್ತಿತ್ತು. ಮೂರು ತಾಲೂಕಿನಲ್ಲಿ ನನ್ನ ಶಿಷ್ಯರಿಲ್ಲದ ಸಂಗೀತ ಪರೀಕ್ಷಾ ಕೇಂದ್ರ ಇರಲಿಲ್ಲ.

ಆ ಪರೀಕ್ಷೆಯೇ ನನಗೆ ಒಮ್ಮೆ ಕಪಾಳಕ್ಕೆ ಹೊಡೆದಿತ್ತು. ಒಂದು ವರ್ಷ ಜೂನಿಯರ್ ಪರೀಕ್ಷೆಗೆ ನನ್ನ ಮಕ್ಕಳ ದೊಡ್ಡ ದಂಡು ಹೋಗಿತ್ತು. ಪರೀಕ್ಷಕರು ಮೊದಲ ಹುಡುಗನನ್ನು ಅಭ್ಯಾಸದ ವರ್ಣವೊಂದರ ನಡುವೆ ನಿಲ್ಲಿಸಿ, "ಸಾಕು, ಈಗ ಚರಣದಿಂದ ನುಡಿಸು" ಎಂದರು. ಹುಡುಗ ತಬ್ಬಿಬ್ಬಾಗಿ ಮೊದಲಿನಿಂದ ನುಡಿಸಿದ. ಎರಡನೆಯವಳೂ ಹಾಗೆಯೇ. ಮೂರನೆಯವನೂ ಹಾಗೆಯೇ. ಹೊರಗೆ ಕಿಟಕಿಯಲ್ಲಿ ಕಿವಿ ಇಟ್ಟಿದ್ದ ನನಗೆ ಬೆವರು. ಪರೀಕ್ಷಕರು ಹೊರಗೆ ಬಂದು, "ಇವರೆಲ್ಲ ನಿಮ್ಮವರಾ? ಬಸ್ಸಿನ ಹಾಗೆ ಉಂಟಲ್ಲ ಮಾರಾಯ್ರೆ! ಸ್ಟ್ಯಾಂಡಿನಿಂದಲೇ ಹೊರಡಬೇಕು" ಎಂದರು. ಅಂದಿನಿಂದ ನಾನು ಯಾವ ಪಾಠವನ್ನೂ ಮೊದಲಿನಿಂದ ಸುರು ಮಾಡಲಿಲ್ಲ. ನಡುವಿನಿಂದ, ಕೊನೆಯಿಂದ, ಎಲ್ಲೆಲ್ಲಿಂದಲೋ ನುಡಿಸಿದೆ. ತಪ್ಪು ಗೊತ್ತಾದರೆ ತಿದ್ದಿಕೊಳ್ಳುವವ ನಾನು ಎಂದು ನನ್ನ ಬಗ್ಗೆ ನನಗೆ ಹೆಮ್ಮೆ ಇತ್ತು.

ಒಂದು ವಿಷಯದಲ್ಲಿ ಮಾತ್ರ ತಿದ್ದಿಕೊಳ್ಳಲು ಮನಸ್ಸಿರಲಿಲ್ಲ. ನನ್ನ ಗುರುಗಳ ಮನೆಯಲ್ಲಿ ಅವರು ಮಣೆಯ ಮೇಲೆ ಕೂತರೆ ನಾವು ಚಾಪೆಯಲ್ಲಿ, ಅವರು ಚಾಪೆಯಲ್ಲಿ ಕೂತರೆ ನಾವು ಬರೀ ನೆಲದಲ್ಲಿ. ನಮ್ಮ ವಯಲಿನ್ ಕೂತೇ ನುಡಿಸುವುದು, ಅದರ ತಲೆ ಬಲಗಾಲಿನ ಪಾದದ ಗಂಟಿನ ಮೇಲೆ ಊರಬೇಕು. ಪಾದ ಅಲುಗಿದರೆ ಗುರುಗಳು ಕಮಾನಿನ ತುದಿಯಿಂದ ಕಾಲ ಹೆಬ್ಬೆರಳಿಗೆ ಒಂದು ಕೊಡುತ್ತಿದ್ದರು. ಕಾಲು ಜೋಮು ಹಿಡಿದು ನಾನು ಒಮ್ಮೆ ಅಲ್ಲೇ ಮಗುಚಿ ಬಿದ್ದಿದ್ದೇನೆ. ಆಗ ಅವರು, "ಈಗ ನಿನ್ನ ಪಾಠ ಸುರುವಾಯಿತು" ಎಂದರು. ಆ ಮಾತನ್ನು ನಾನು ಪದಕದ ಹಾಗೆ ಇಟ್ಟುಕೊಂಡಿದ್ದೆ.

ಕಡಬದಲ್ಲಿ ನನ್ನ ತರಗತಿ ನಡೆಯುತ್ತಿದ್ದುದು ಒಂದು ಶಾಲೆಯ ಕೋಣೆಯಲ್ಲಿ. ಅಲ್ಲಿಗೆ ಇಚಿಲಂಪಾಡಿಯಿಂದ ಹರ್ಷಿತಾ ಎಂಬ ಹುಡುಗಿ ಸಣ್ಣವಳಿದ್ದಾಗಿನಿಂದ ವಯಲಿನ್ ಕಲಿಯಲು ಬರುತ್ತಿದ್ದಳು. ತಾಯಿ ಲೀಲಾವತಿ ಕಡಬದಲ್ಲಿ ಟೈಲರಿಂಗ್ ಅಂಗಡಿ ಇಟ್ಟವರು, ಮಾತು ಕಡಿಮೆ. ಹುಡುಗಿ ಬುದ್ಧಿವಂತೆ. ಆದರೆ ಅವಳಿಗೆ ಮೇಲಿನ ಸ್ಥಾಯಿ ಇಷ್ಟವಿಲ್ಲ. ಎಲ್ಲವನ್ನೂ ಕೆಳಗಿನ ದಪ್ಪ ತಂತಿಗೆ ಎಳೆದು ತರುತ್ತಿದ್ದಳು. "ಎಂತ ಇದು, ಬಾವಿಗೆ ಇಳಿದು ಹಾಡಿದ ಹಾಗೆ?" ಎಂದರೆ, "ಅಲ್ಲಿ ತಂಪು ಉಂಟು ಮಾಷ್ಟ್ರೇ" ಎನ್ನುವಳು.

ಲಾಕ್‌ಡೌನ್ ಬಂತು. ನಮ್ಮ ಕೆಲಸ ಫೋನಿಗೆ ಇಳಿಯಿತು. ಅತ್ತ ಮಗು ಷಡ್ಜ ಹಿಡಿದರೆ ಇತ್ತ ಗುಬ್ಬಿ ಕೂಗಿದ ಹಾಗೆ ಕೇಳುತ್ತಿತ್ತು. ಸುಳ್ಯದ ಒಬ್ಬ ಹುಡುಗನಿಗೆ ಫೋನಿನಲ್ಲೇ ತಂತಿ ಬಿಗಿ ಮಾಡಿಸಲು ಹೋಗಿ, "ಇನ್ನೂ ಬಿಗಿ, ಇನ್ನೂ ಬಿಗಿ" ಎಂದು ಹೇಳಿ ಹೇಳಿ ಅವನಲ್ಲಿದ್ದ ತಂತಿ ಎಲ್ಲ ತುಂಡು ಮಾಡಿಸಿದೆ. ಆ ಸಮಯದಲ್ಲೇ ಹರ್ಷಿತಾಳ ನೆರೆಮನೆಯ ಥಾಮಸ್ ಚೇಟ, ಕೇರಳದಿಂದ ಬಂದು ರಬ್ಬರ್ ಹಾಕಿ ನೆಲೆಯಾದವರು, ಅಟ್ಟ ಗುಡಿಸುವಾಗ ಕಂಬಳಿ ಸುತ್ತಿದ ಒಂದು ದೊಡ್ಡ ವಾದ್ಯವನ್ನು ಕೆಳಗೆ ಇಳಿಸಿದರು. ಅವರ ತಂಗಿ ಹಿಂದೆ ಚರ್ಚಿನ ಹಾಡುಗಾರರ ಗುಂಪಿನಲ್ಲಿ ನುಡಿಸುತ್ತಿದ್ದ ಚೆಲ್ಲೋ ಅದು. ನೋಡಲು ವಯಲಿನ್ನಿನ ಹಾಗೆಯೇ, ಆದರೆ ಮಗುವಿನಷ್ಟು ಎತ್ತರ. ಕುರ್ಚಿಯಲ್ಲಿ ಕೂತು, ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿ ನುಡಿಸಬೇಕು. ಅಡಿಯಲ್ಲಿ ಒಂದು ಕಬ್ಬಿಣದ ಕೋಲು ನೆಲಕ್ಕೆ ಊರಿಕೊಂಡಿರುತ್ತದೆ.

ಹುಡುಗಿ ಅದನ್ನು ಬಿಡಲೇ ಇಲ್ಲ! ಹೊಸ ತಂತಿ ತರಿಸಿದಳು. ಕಲಿಸುವವರನ್ನು ಹುಡುಕಿದಳು. ಚೆನ್ನೈಯ ಒಂದು ಸಂಗೀತ ಶಾಲೆಯಲ್ಲಿ ಚೆಲ್ಲೋ ಕಲಿಸುವ ಐರಿನ್ ಮೇಡಂ, ಹುಟ್ಟೂರು ಮಂಗಳೂರು, ಕನ್ನಡ ಬರುತ್ತದೆ, ವಾರಕ್ಕೊಮ್ಮೆ ವೀಡಿಯೋದಲ್ಲಿ ಕಲಿಸಲು ಒಪ್ಪಿದರು. ಆದರೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಇಚಿಲಂಪಾಡಿಯ ರಸ್ತೆ ತಿರುವಿನಲ್ಲಿ, ಬಸ್ ನಿಲ್ಲುವ ತಂಗುದಾಣದಲ್ಲಿ ಮಾತ್ರ ಸಿಗುತ್ತಿತ್ತು. ಹಾಗಾಗಿ ಶನಿವಾರ ಬೆಳಿಗ್ಗೆ ಥಾಮಸ್ ಚೇಟ ಪಿಕಪ್ಪಿನಲ್ಲಿ ಚೆಲ್ಲೋ ತಂದು ಇಳಿಸುವುದು, ಹುಡುಗಿ ಮನೆಯಿಂದ ಕುರ್ಚಿ ಹೊತ್ತು ತರುವುದು. ನುಣ್ಣನೆಯ ಸಿಮೆಂಟಿನಲ್ಲಿ ಕೋಲು ಜಾರದ ಹಾಗೆ ತೆಂಗಿನ ಗೆರಟೆಯೊಂದನ್ನು ಕುರ್ಚಿಯ ಕಾಲಿಗೆ ಹಗ್ಗ ಹಾಕಿ ಕಟ್ಟಿ, ಅದರೊಳಗೆ ಕೋಲು ಊರುತ್ತಿದ್ದಳು. ಬಸ್ಸು ಮತ್ತೆ ಓಡತೊಡಗಿದ ಮೇಲೆ ನಾನು ಕಡಬಕ್ಕೆ ಹೋಗುವ ದಾರಿಯಲ್ಲಿ ಒಂದು ದಿನ ಇಳಿದು ನೋಡಿದೆ. ಬೀಡಿ ಕಟ್ಟು ಹಿಡಿದು ಬಸ್ಸಿಗೆ ಕಾಯುವ ಹೆಂಗಸರು ಸುತ್ತ ಕೂತಿದ್ದರು.

"ಇದೆಂತ ಮಾರಾಯ್ತಿ, ಪಿಟೀಲು ಇಷ್ಟು ದೊಡ್ಡದು?" ಎಂದಳು ಒಬ್ಬಳು.

"ಇದು ಅದರ ಅಜ್ಜ" ಎಂದಳು ಹುಡುಗಿ, ಕಮಾನು ನಿಲ್ಲಿಸದೆ.

"ಅಜ್ಜನ ಸ್ವರ ಚಂದ ಉಂಟು. ನನ್ನ ಗಂಡನದ್ದಕ್ಕಿಂತ ಒಳ್ಳೇದು."

ನಾನೂ ನಕ್ಕೆ. ಆಮೇಲೆ ಮೇಡಮ್ಮಿನ ಪಾಠ ಮುಗಿಯಿತು. ಹರ್ಷಿತಾ ನನ್ನನ್ನು ನೋಡಿ, ಎರಡು ತಂತಿಗಳ ಶ್ರುತಿ ಬದಲಾಯಿಸಿ, ಮೋಹನ ರಾಗವನ್ನು ಕೆಳಗಿನ ಸ್ಥಾಯಿಯಲ್ಲಿ ಎಳೆದಳು. ಏನು ಹೇಳಲಿ! ಗಾಂಧಾರದಿಂದ ಷಡ್ಜಕ್ಕೆ ಇಳಿಯುವಾಗ ಕೂತಿದ್ದ ಸಿಮೆಂಟಿನ ಬೆಂಚು ನಡುಗಿದ್ದು ನನಗೆ ತಾಗಿತು. ನನ್ನ ಕೈಯ ರೋಮ ನಿಂತಿತು. ಇಷ್ಟು ವರ್ಷ ನಾನು ಕಲಿಸಿದ್ದು ಈ ಸ್ವರಕ್ಕೇ ಎಂದು ಅನಿಸಿತು. ಬಸ್ಸು ಬಂದು ಹೋದದ್ದೇ ಗೊತ್ತಾಗಲಿಲ್ಲ.

ಆ ವರ್ಷದಷ್ಟು ಉತ್ಸಾಹದಲ್ಲಿ ನಾನು ಯಾವತ್ತೂ ಕಲಿಸಲಿಲ್ಲ. ಮೇಡಮ್ಮಿನ ಪಾಠ ಮುಗಿದ ಮೇಲೆ ಚೆಲ್ಲೋ ಅದೇ ಪಿಕಪ್ಪಿನಲ್ಲಿ ಕಡಬದ ನನ್ನ ತರಗತಿಗೆ ಬರುತ್ತಿತ್ತು. ವಯಲಿನ್ನಿನಲ್ಲಿ ಒಂದು ಬೆರಳಿನ ಜಾರು ಚೆಲ್ಲೋದಲ್ಲಿ ಒಂದು ಗೇಣಿನ ಜಾರು. ಸ್ವರ ತೂಗುವ ಗಮಕವೆಲ್ಲ ಹೊಸತಾಗಿ ಕಟ್ಟಬೇಕು. ನಾನು ವಯಲಿನ್ನಿನಲ್ಲಿ ತೋರಿಸುವುದು, ಅವಳು ಹುಡುಕುವುದು, ಸಿಕ್ಕಿದಾಗ ಇಬ್ಬರೂ ಕೂಗುವುದು. ಆದರೆ ಅಲ್ಲೂ ನನ್ನ ಬುದ್ಧಿ ನೋಡಿ. ಅವಳು ಕುರ್ಚಿಯಲ್ಲಿ, ನಾನು ಚಾಪೆಯಲ್ಲಿ ಕೂರುವುದು ಹೇಗೆ? ನಾನು ಶಾಲೆಯ ಮೇಜಿನ ಮೇಲೆ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತೆ. ಮಕ್ಕಳು ಬಾಯಿ ಮುಚ್ಚಿ ನಗುತ್ತಿದ್ದರು. ನನಗೆ ಅದು ತಮಾಷೆ ಎಂದು ಹೊಳೆಯಲೇ ಇಲ್ಲ.

ನಮ್ಮ ಶಿಷ್ಯರ ವಾರ್ಷಿಕೋತ್ಸವ ಪುತ್ತೂರಿನ ಒಂದು ಸಭಾಭವನದಲ್ಲಿ ನಡೆಯುವುದು. ಆ ಸಲ ಹರ್ಷಿತಾಳ ಚೆಲ್ಲೋವನ್ನು ಎಲ್ಲರಿಗೂ ಕೇಳಿಸಬೇಕೆಂದು ನನಗೆ ಹುಚ್ಚು. ಅವಳು ನಡುವೆ, ಪಕ್ಕದಲ್ಲಿ ನಾನು ವಯಲಿನ್ನಿನಲ್ಲಿ, ಆಚೆ ಮೃದಂಗ. ಅದೇ ಸಮಯಕ್ಕೆ ಐರಿನ್ ಮೇಡಂ ಅವಳನ್ನು ಚೆನ್ನೈಯ ತಮ್ಮ ಶಾಲೆಗೆ ಸೇರಿಸಿಕೊಳ್ಳಲು ಯೋಚಿಸಿದ್ದರು. ಚೆಲ್ಲೋಗೆ ಒಂದೇ ಜಾಗ, ನಮ್ಮ ಸಂಗೀತ ಕಚೇರಿ ಆದ ಮರುತಿಂಗಳು ಆಯ್ಕೆ. ಅವಳು ಊರಲ್ಲಿ ಕಲಿಯುವಷ್ಟು ಕಲಿತಾಗಿತ್ತು, ಮುಂದಿನ ದಾರಿ ಅದೊಂದೇ.

ಮುಖ್ಯ ಅತಿಥಿಯಾಗಿ ನನ್ನ ಗುರುಗಳ ಹಿರಿಯ ಶಿಷ್ಯ ಸುಬ್ರಾಯಣ್ಣನನ್ನು ಕರೆಯಲು ಹೋದೆ. ಅವರು ಎಲ್ಲ ಕೇಳಿ ಎಲೆ ಅಡಿಕೆ ಹಾಕಿಕೊಂಡು ಹೇಳಿದರು, "ಶಿಷ್ಯೆ ಕುರ್ಚಿಯಲ್ಲಿ, ಗುರು ನೆಲದಲ್ಲಿ. ಒಳ್ಳೇದಾಯ್ತು. ಬರುವ ವರ್ಷ ನೀನು ಮೆಟ್ಟಿಲ ಬುಡದಲ್ಲಿ, ಚಪ್ಪಲಿ ಕಾಯ್ಲಿಕ್ಕೆ."

ಅದು ನನ್ನ ತಲೆಯೊಳಗೆ ಕೂತಿತು. ವೇದಿಕೆಯಲ್ಲಿ ಎಲ್ಲರೂ ನೆಲದಲ್ಲಿ, ನಡುವೆ ಇವಳೊಬ್ಬಳು ಮೇಲೆ! ಲೀಲಾವತಿ, "ನಿಮಗೆ ಅಲ್ಲಿಯೂ ಒಂದು ಮೇಜು ಇಡುವಾ ಮಾಷ್ಟ್ರೇ" ಎಂದರು. "ನನಗೊಂದು ಮೇಜು, ಮೃದಂಗಕ್ಕೊಂದು ಮೇಜು, ಅದು ಕಚೇರಿಯಲ್ಲ, ಮದುವೆ ಊಟದ ಹಾಲ್" ಎಂದು ಬೈದೆ. ದೊಡ್ಡ ಊರುಗಳಲ್ಲಿ ಚೆಲ್ಲೋವನ್ನು ನೆಲದಲ್ಲಿ ಕೂತು ನುಡಿಸುವವರು ಇದ್ದಾರೆ. ಅವರು ವಾದ್ಯವನ್ನೇ ಅದಕ್ಕೆ ಸರಿಯಾಗಿ ಮಾಡಿಸಿಕೊಂಡು, ವರ್ಷಗಟ್ಟಲೆ ಆ ಕೂರುವಿಕೆಯನ್ನು ಸಾಧಿಸಿದವರು. ನಾನು ಫೋನಿನಲ್ಲಿ ಅಂಥ ಒಂದು ತುಣುಕು ನೋಡಿದೆ, ಅವರು ಮಾಡಿಕೊಂಡ ಬದಲಾವಣೆ ನೋಡಲಿಲ್ಲ. ಹರ್ಷಿತಾಳಿಗೆ ಹೇಳಿದೆ, "ಇವತ್ತಿನಿಂದ ನೆಲ."

ಅವಳು ಕೋಲು ಒಳಗೆ ತಳ್ಳಿ, ಕಾಲು ಮಡಚಿ, ಆ ದೊಡ್ಡ ವಾದ್ಯವನ್ನು ಓರೆಯಾಗಿ ಎದೆಗೆ ಒರಗಿಸಿದಳು. ಎಡಗೈ ವಾದ್ಯದ ಕುತ್ತಿಗೆಯ ಹಿಂದಿನಿಂದ ಸುತ್ತಿ ಬರಬೇಕಾಯಿತು.

"ಮಾಷ್ಟ್ರೇ, ಮಣಿಕಟ್ಟು ಬಟ್ಟೆ ಹಿಂಡಿದ ಹಾಗೆ ಆಗ್ತದೆ. ಐರಿನ್ ಮೇಡಂ ಹೀಗೆ ಕೂರ್ಲೇಬಾರ್ದು ಅಂದಿದ್ದಾರೆ."

"ಅವರದ್ದು ಬೇರೆ ಸಂಗೀತ. ನನ್ನ ಪಾದದ ಗಂಟು ನೋಡು, ಎಷ್ಟು ದಪ್ಪ ಆಗಿದೆ. ನೋವಾಗದೆ ಯಾರಿಗೆ ಬಂದಿದೆ?"

ಅವಳು ಹಾಗೆಯೇ ಕೂತು ಅಭ್ಯಾಸ ಮಾಡಿದಳು. ನನ್ನ ಮೇಲಿನ ಗೌರವದಿಂದ ಮಾಡಿದಳು, ಅದನ್ನು ಬರೆಯುವಾಗ ಈಗಲೂ ಪೆನ್ನು ನಿಲ್ಲುತ್ತದೆ.

ಕಚೇರಿಯ ದಿನ ಸಭಾಭವನ ತುಂಬಿತ್ತು. ವರ್ಣ ಮುಗಿಯುವಾಗ ಚಪ್ಪಾಳೆ ನಿಲ್ಲಲಿಲ್ಲ. ಸುಬ್ರಾಯಣ್ಣ ಮೊದಲ ಸಾಲಿನಲ್ಲಿ ತಲೆದೂಗಿದ್ದನ್ನು ನಾನು ಕಂಡೆ, ಹಾರಿ ಕುಣಿಯುವ ಹಾಗಾಯಿತು. ಆಮೇಲೆ ಅಲ್ಲಲ್ಲೇ ಕಟ್ಟಿ ನುಡಿಸುವ ಕಲ್ಪನಾಸ್ವರ, ವೇಗ ಏರಿತು. ಹರ್ಷಿತಾಳ ಎಡಗೈ ಹೆಬ್ಬೆರಳು ಒಮ್ಮೆಲೇ ಬಿಗಿದುಕೊಂಡಿತು. ಕಮಾನು ಓಡುತ್ತಿದೆ, ಸ್ವರ ಬರುತ್ತಿಲ್ಲ. ವಾದ್ಯ ನುಣುಪು ನೆಲದಲ್ಲಿ ಮೆಲ್ಲನೆ ಜಾರಿತು. ಅವಳು ಕಮಾನನ್ನು ಪಕ್ಕಕ್ಕೆ ಇಟ್ಟು, ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕೂತಳು. ಮೃದಂಗದವರು ಸ್ವಲ್ಪ ಹೊತ್ತು ನುಡಿಸಿ ನಿಲ್ಲಿಸಿದರು.

ನಾನು ಮೈಕು ಎಳೆದುಕೊಂಡೆ. ಹೇಳಿದ್ದು ಇದು: "ಈಗಿನ ಮಕ್ಕಳಿಗೆ ಮೊಬೈಲೇ ಸಂಗೀತ. ಅಭ್ಯಾಸ ಸಾಲಲಿಲ್ಲ, ಸಭೆ ದಯವಿಟ್ಟು ಕ್ಷಮಿಸಬೇಕು."

ಸಭೆ ನಕ್ಕಿತು. ಅವಳು ನನ್ನನ್ನು ನೋಡಿದಳು. ನಾನು ಶ್ರುತಿ ಸರಿಮಾಡುವವನ ಹಾಗೆ ವಯಲಿನ್ನಿನ ಬಿರಡೆ ತಿರುಗಿಸಿದೆ. ಬಿರಡೆಗೆ ಏನೂ ಆಗಿರಲಿಲ್ಲ.

ನೆಲದಲ್ಲಿ ಕೂರಿಸಿದ್ದು ಅಹಂಕಾರ. ಆದರೆ ಮೈಕಿನ ಮಾತು ನಾನು ತಿಳಿದೂ ಹೇಳಿದ ಸುಳ್ಳು. ನನ್ನ ಶಿಷ್ಯರಲ್ಲಿ ಅವಳಷ್ಟು ಅಭ್ಯಾಸ ಮಾಡಿದವರು ಇನ್ನೊಬ್ಬರಿಲ್ಲ ಎಂದು ನನಗೆ ಗೊತ್ತಿತ್ತು.

ಪುತ್ತೂರಿನ ಡಾಕ್ಟರು ಮಣಿಕಟ್ಟಿನ ನರ ಎಳೆದಿದೆ, ಸದ್ಯ ವಾದ್ಯ ಮುಟ್ಟಬಾರದು ಎಂದರಂತೆ. ನನಗೆ ಗೊತ್ತಾದದ್ದು ಇನ್ನೊಬ್ಬರಿಂದ. ಹರ್ಷಿತಾ ತರಗತಿಗೆ ಬರಲಿಲ್ಲ. ನನ್ನ ಸುಳ್ಳು ಮಾತ್ರ ನನಗಿಂತ ಮೊದಲಿನ ಬಸ್ಸಿನಲ್ಲಿ ಹೋಗುತ್ತಿತ್ತು. ಸುಳ್ಯದಲ್ಲಿ ಒಬ್ಬ ತಂದೆ ಮಗನಿಗೆ, "ಅಭ್ಯಾಸ ಮಾಡು, ಇಲ್ಲದಿದ್ರೆ ಆ ಇಚಿಲಂಪಾಡಿ ಹುಡುಗಿಯ ಹಾಗೆ ಆಗ್ತದೆ" ಎಂದು ನನ್ನೆದುರೇ ಬೈದರು. ನಾನು ಚಹಾ ಕುಡಿದೆ. ಪಾಠ ಸುರು ಮಾಡಿದೆ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂದು ದಿನ ಲೀಲಾವತಿ ಫೋನು ಮಾಡಿದರು.

"ಮಾಷ್ಟ್ರೇ, ಕಚೇರಿಯ ವೀಡಿಯೋ ಯಾರೋ ಗ್ರೂಪಿಗೆ ಹಾಕಿದ್ದಾರೆ. ನೀವು ಮೈಕಿನಲ್ಲಿ ಹೇಳಿದ್ದೂ ಅದರಲ್ಲಿ ಉಂಟು. ಐರಿನ್ ಮೇಡಂ ನೋಡಿದ್ದಾರೆ. ನಿಮ್ಮಲ್ಲಿ ಮಾತಾಡ್ಬೇಕಂತೆ. ಶನಿವಾರ ಕಡಬಕ್ಕೆ ಹೋಗುವಾಗ ಇಳೀರಿ."

"ನಾನು ಎಂತ ಹೇಳ್ಬೇಕು ಲೀಲಾವತಿ?"

"ನಿಮಗೆ ಎಂತ ಉಂಟೋ ಅದನ್ನು ಹೇಳಿ. ನಾವು ಹೇಳಿಕೊಡುದಿಲ್ಲ."

ಶನಿವಾರ ಇಳಿದೆ. ತಂಗುದಾಣದಲ್ಲಿ ಅದೇ ಬೀಡಿಯ ಹೆಂಗಸರು, ಥಾಮಸ್ ಚೇಟ, ಶಾಲೆಯ ಕೆಲವು ಮಕ್ಕಳು. ಚೆಲ್ಲೋ ಗೋಡೆಗೆ ಒರಗಿತ್ತು. ಹರ್ಷಿತಾಳ ಎಡಗೈಗೆ ಪಟ್ಟಿ. ಯಾವಾಗಲೂ ಕಾಲು ಮುಟ್ಟಲು ಬರುವವಳು ಬೆಂಚಿನಿಂದ ಏಳಲಿಲ್ಲ. ಫೋನನ್ನು ಕಂಬಕ್ಕೆ ಕಟ್ಟಿದ್ದರು, ಸ್ಪೀಕರ್ ಹಾಕಿದ್ದರು. ಮೇಡಂ ನೇರ ವಿಷಯಕ್ಕೆ ಬಂದರು.

"ಮಾಷ್ಟ್ರೇ, ಸಣ್ಣದರಿಂದ ಇವಳನ್ನು ನೋಡಿದವರು ನೀವು. ನಾನು ನೋಡಿದ್ದು ಫೋನಿನಲ್ಲಿ ಮಾತ್ರ. ಅಭ್ಯಾಸ ಮಾಡದವಳಿಗೆ ಇರುವ ಒಂದು ಜಾಗ ಕೊಡ್ಲಿಕ್ಕೆ ನನಗೆ ಆಗುದಿಲ್ಲ. ಅವಳ ಹೆಸರು ಹೊಡೆದು ಹಾಕಿದ್ದೇನೆ. ನೀವು ಸಭೆಯಲ್ಲಿ ಹೇಳಿದ್ದು ನಿಜವಾ?"

ಬೀಡಿಯ ಹೆಂಗಸರು ನನ್ನ ಕಡೆ ತಿರುಗಿದರು. "ಅವಳು ನೆಲದಲ್ಲಿ ಕೂತಿದ್ದಳು" ಎಂದೆ.

"ಅದು ನನಗೂ ಕಂಡಿತು. ಯಾಕೆ ಕೂತಳು ಕೇಳಿದ್ರೆ ನಾನೇ ಕೂತದ್ದು ಅಂತಾಳೆ. ಹೇಗೆ ಕೂತಿದ್ದು, ತೋರಿಸಿ."

ಹರ್ಷಿತಾ ಏಳಹೊರಟಳು.

"ನೀನಲ್ಲ. ನಿನ್ನ ಕೈ ಗುಣವಾಗ್ಲಿ. ಅವರು ತೋರಿಸ್ಲಿ."

ನಾನು ಬಿಳಿ ಪಂಚೆ ಉಟ್ಟಿದ್ದೆ. ತಂಗುದಾಣದ ನೆಲದಲ್ಲಿ ಮಣ್ಣು, ಬೀಡಿ ತುಂಡು. ಕೂತೆ. ಥಾಮಸ್ ಚೇಟ ಚೆಲ್ಲೋ ತಂದು ನನ್ನ ಕಾಲಿನ ನಡುವೆ ಇಟ್ಟು, "ಹಿಡ್ಕೊಳ್ಳಿ ಸಾರ್, ಬಿಟ್ರೆ ಬೀಳ್ತದೆ" ಎಂದರು. ಚೆಲ್ಲೋದ ಭುಜ ಎದೆಗೆ ಒತ್ತಿತು. ಎಡಗೈಯನ್ನು ಅದರ ಕುತ್ತಿಗೆಯ ಸುತ್ತ ತಂದೆ. ನನ್ನ ಬಾಯಿಯಿಂದ ತಾನಾಗಿ "ಅಯ್ಯೋ" ಬಂತು.

"ಹಾಗೆಯೇ ಇರಿ" ಎಂದರು ಮೇಡಂ. "ಕೈ ತೆಗೀಬೇಡಿ. ಈಗ ಹೇಳಿ."

ಹಾಗೆ ಹಿಡಿದುಕೊಂಡೇ ಹೇಳಿದೆ. ಸುಬ್ರಾಯಣ್ಣನ ಮಾತು, ನನ್ನ ಮರ್ಯಾದೆ, ಹುಡುಗಿ ನೋವು ಎಂದದ್ದು, ಮೇಡಂ ಬೇಡ ಎಂದದ್ದು ನನಗೆ ಗೊತ್ತಿದ್ದದ್ದು, ಎಲ್ಲ. ಹೇಳುತ್ತಾ ಹೇಳುತ್ತಾ ಮಣಿಕಟ್ಟು ಉರಿಯತೊಡಗಿತು, ಹೆಬ್ಬೆರಳು ಮರಗಟ್ಟಿತು. ಇದನ್ನು ಆ ಮಗು ವಾರಗಟ್ಟಲೆ ಮಾಡಿತ್ತಲ್ಲ! ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು, "ಹೋಯ್ ಮಾಷ್ಟ್ರೇ, ಬರುದಾ? ಅಲ್ಲಿಯೇ ಬಿಡಾರವಾ?" ಎಂದ. ಬಸ್ಸಿನ ಕಿಟಕಿ ಕಿಟಕಿಯಲ್ಲೂ ತಲೆ. ನಾನು ಅಲ್ಲಿಂದಲೇ ಗಟ್ಟಿಯಾಗಿ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ: "ಈ ಹುಡುಗಿ ಅಭ್ಯಾಸ ಮಾಡಿಲ್ಲ ಅಂತ ನಾನು ಹೇಳಿದ್ದು ಸುಳ್ಳು. ಅವಳ ಕೈ ಕೆಡಿಸಿದ್ದು ನಾನು."

ಬೀಡಿಯ ಹೆಂಗಸೊಬ್ಬಳು, "ಅದನ್ನು ಆವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದಳು.

ಮತ್ತೆ ಮೇಡಂ, "ಹರ್ಷಿತಾ, ಹೊಡೆದ ಹೆಸರನ್ನು ವಾಪಾಸು ಬರೀತೇನೆ. ಆದರೆ ಆಯ್ಕೆ ಈ ತಿಂಗಳು. ನಿನಗೆ ಈ ತಿಂಗಳು ನುಡಿಸ್ಲಿಕ್ಕೆ ಆಗುದಿಲ್ಲ. ಹಾಗಾಗಿ ಈ ವರ್ಷ ಇಲ್ಲ. ಕೈ ಸರಿಯಾದ್ರೆ ಬರುವ ವರ್ಷ ನಿನ್ನನ್ನೇ ಮೊದಲು ಕೇಳ್ತೇನೆ. ಸರಿಯಾದ್ರೆ" ಎಂದರು.

ಹರ್ಷಿತಾ ತಲೆಯಾಡಿಸಿದಳು. ಆಮೇಲೆ ಅವಳ ಕಣ್ಣು ತುಂಬಿತು. ಒಂದು ವರ್ಷ! ಅವಳ ಪ್ರಾಯದಲ್ಲಿ ಒಂದು ವರ್ಷ ಎಂದರೆ ಏನು ಎಂದು ನನ್ನ ಪ್ರಾಯದವನಿಗೆ ಗೊತ್ತಾಗದೆ ಇರುತ್ತದೆಯೇ? ನಾನು ಏಳಲು ನೋಡಿದೆ, ಕಾಲು ಜೋಮು ಹಿಡಿದಿತ್ತು. ಲೀಲಾವತಿ ಬಂದು ಚೆಲ್ಲೋವನ್ನು ಮೊದಲು ಎತ್ತಿ ಜೋಪಾನವಾಗಿ ಒರಗಿಸಿದರು, ಆಮೇಲೆ ನನಗೆ ಕೈ ಕೊಟ್ಟರು. ಸರಿಯಾದ ಕ್ರಮ.

ಬಸ್ಸಿನಲ್ಲಿದ್ದ ಯಾರೋ ಅದನ್ನೂ ವೀಡಿಯೋ ಮಾಡಿದ್ದರು. ನಾನು ಕಡಬ ಮುಟ್ಟುವ ಮೊದಲು ಅದು ಪುತ್ತೂರು ಮುಟ್ಟಿತ್ತು. ಮರುದಿನ ಸುಬ್ರಾಯಣ್ಣನ ಫೋನು.

"ಬಸ್‌ಸ್ಟ್ಯಾಂಡಿನಲ್ಲಿ ಕಚೇರಿ ಕೊಟ್ಟಿಯಂತೆ!"

"ಹೌದಣ್ಣ."

"ನನ್ನ ಹೆಸರೂ ಹೇಳಿದ್ದಿ."

"ಹೇಳಿದೆ. ಬರುವ ವರ್ಷವೂ ನಿಮ್ಮನ್ನು ಕರೀತೇನೆ. ವೇದಿಕೆಯಲ್ಲಿ ಕುರ್ಚಿ ಇರ್ತದೆ."

"ನನಗಾ?"

"ಅಲ್ಲ. ಅವಳಿಗೆ."

ಫೋನು ಇಟ್ಟರು.

ಕೈ ಬೇಗ ಸರಿಯಾಗಲಿಲ್ಲ. ತಿಂಗಳುಗಳು ಹೋದವು. ನಾನು ಶನಿವಾರ ಇಚಿಲಂಪಾಡಿಯಲ್ಲಿ ಇಳಿಯುತ್ತಿದ್ದೆ. ಅವಳು ಮಾತಾಡುತ್ತಿರಲಿಲ್ಲ, ನಾನು ಕೂತು ಬರುತ್ತಿದ್ದೆ. ಪಟ್ಟಿ ಬಿಚ್ಚಿದ ಮೇಲೆ ಮೇಡಂ ತೀರಾ ಮೆಲ್ಲನೆಯ ಪಾಠ ಸುರು ಮಾಡಿದರು: ಒಂದು ತಂತಿ, ಒಂದು ಬೆರಳು, ಹೆಬ್ಬೆರಳಿಗೆ ಭಾರ ಹಾಕದೆ. ನಾನು ಬೆಂಚಿನಲ್ಲಿ ಕೂತು ಆ ಪಾಠ ಕೇಳಿದೆ. ಭುಜ, ಮೊಣಕೈ, ಬೆನ್ನು, ಉಸಿರು, ಇವುಗಳ ಬಗ್ಗೆ ಒಬ್ಬ ಗುರು ಅಷ್ಟು ಮಾತಾಡುವುದನ್ನು ನಾನು ಅದೇ ಮೊದಲು ಕೇಳಿದ್ದು. ಭಾನುವಾರ ಪುತ್ತೂರಿನಲ್ಲಿ ನನ್ನ ವಯಲಿನ್ ಮಕ್ಕಳನ್ನು ಒಬ್ಬೊಬ್ಬರನ್ನೇ ಕೇಳತೊಡಗಿದೆ, "ಎಲ್ಲಿ ನೋವು ಉಂಟು?" ಹೆಚ್ಚಿನವರಿಗೆ ಎಲ್ಲಾದರೂ ಇತ್ತು! ರಾಮಕುಂಜದಿಂದ ಬರುವ ಹುಡುಗನೊಬ್ಬ, "ನೋವು ಇರ್ಲಿಕ್ಕೇಬೇಕು ಅಂತ ಅಂದ್ಕೊಂಡಿದ್ದೆ ಮಾಷ್ಟ್ರೇ" ಎಂದ. ಅವನಿಗೆ ಕೂರಲು ಒಂದು ದಿಂಬು ಕೊಟ್ಟೆ. ಅವನ ಕಮಾನಿನ ಎಳೆತ ಅದೇ ವಾರ ಉದ್ದವಾಯಿತು. ಇಂಥದ್ದು ಕಂಡಾಗಲೆಲ್ಲ ಖುಷಿಯಲ್ಲಿ ಕುಣಿಯುವ ಹಾಗೆ ಆಗುತ್ತಿತ್ತು, ಜತೆಗೆ ಹಿಂದೆ ಬಿಟ್ಟು ಹೋದವರನ್ನು ಎಣಿಸುತ್ತಿದ್ದೆ. ಎಷ್ಟು ಮಕ್ಕಳು ನೋವನ್ನು ನುಂಗಿ, ಸಂಗೀತವೇ ಬೇಡ ಎಂದು ಮನೆಗೆ ಹೋದರೋ!

ಒಂದು ಶನಿವಾರ ಪಾಠದ ನಡುವೆ ಹರ್ಷಿತಾ ಒಮ್ಮೆಲೇ ನನ್ನ ಕಡೆ ತಿರುಗಿದಳು. "ಮಾಷ್ಟ್ರೇ, ಮೋಹನದ ಆ ಜಾರು ಈ ಬೆರಳಿನಲ್ಲಿ ಬರುದಾ, ಇದರಲ್ಲಾ?" ಬಹಳ ತಿಂಗಳ ಮೇಲೆ ನನಗೆ ಅವಳ ಮೊದಲ ಮಾತು. "ನನಗೆ ಗೊತ್ತಿಲ್ಲ, ನಿನ್ನ ಕೈಗೆ ಯಾವುದು ಸುಲಭ?" ಎಂದೆ. ಅಂಥ ಉತ್ತರವನ್ನು ನಾನು ಜೀವನದಲ್ಲಿ ಮೊದಲ ಸಲ ಕೊಟ್ಟದ್ದು.

ಮುಂದಿನ ವರ್ಷದ ಆಯ್ಕೆಗೆ ತಾಯಿ ಮಗಳು ಚೆನ್ನೈಗೆ ಹೋದರು. ಆ ದಿನ ನನಗೆ ಈಶ್ವರಮಂಗಲದಲ್ಲಿ ತರಗತಿ. ಫೋನನ್ನು ಮಡಿಲಲ್ಲಿಟ್ಟುಕೊಂಡು ಕಲಿಸಿದೆ. ಲೀಲಾವತಿಯ ಕರೆ ಬಂತು, "ಸಿಕ್ಕಿತು ಮಾಷ್ಟ್ರೇ", ಅಷ್ಟೇ. ನಾನು ಮಕ್ಕಳಿಗೆ ತಾಳವನ್ನೇ ತಪ್ಪಾಗಿ ಹಾಕಿದೆ, ಮಕ್ಕಳು ಅದನ್ನೇ ಹಿಡಿದು ನುಡಿಸಿದರು, ನಾನು ನಗುತ್ತಾ ಅಳುತ್ತಾ ಇದ್ದೆ.

ಆ ಸಲ ನಮ್ಮ ವಾರ್ಷಿಕೋತ್ಸವವನ್ನು ಅವಳು ಹೊರಡುವ ಮೊದಲಿನ ವಾರಕ್ಕೆ ಮುಂದೆ ಹಾಕಿದೆ. ಕುರ್ಚಿಯನ್ನು ನಾನೇ ವೇದಿಕೆಗೆ ಹೊತ್ತು ನಡುವೆ ಇಟ್ಟೆ. ಸುಬ್ರಾಯಣ್ಣ ಬಂದರು, ಮೊದಲ ಸಾಲಿಗೆ ಬರಲಿಲ್ಲ, ಹಿಂದೆ ಬಾಗಿಲ ಹತ್ತಿರ ಕೂತರು. ನಾನು ಮೈಕು ಹಿಡಿದು, "ಕಳೆದ ವರ್ಷ ಇದೇ ಜಾಗದಲ್ಲಿ ನಾನು ಸುಳ್ಳು ಹೇಳಿದೆ" ಎಂದು ಸುರು ಮಾಡಿದೆ. ಹೇಳಿದಷ್ಟೂ ಇನ್ನೂ ಹೇಳಬೇಕೆನಿಸಿತು. ಮಾತು ಉದ್ದವಾಯಿತು.

ಹರ್ಷಿತಾ ಕುರ್ಚಿಯ ಮೇಲಿಂದ ಬಗ್ಗಿ ನನ್ನ ಕಿವಿಯ ಹತ್ತಿರ, "ಮಾಷ್ಟ್ರೇ, ಜನ ಬಂದದ್ದು ಸಂಗೀತಕ್ಕೆ" ಎಂದಳು. ಮೈಕು ಅದನ್ನೂ ಹಿಡಿಯಿತು. ಸಭೆ ಜೋರಾಗಿ ನಕ್ಕಿತು, ಅವಳೂ ನಕ್ಕಳು.

ನಾನು ಚಾಪೆಯಲ್ಲಿ ಕೂತು ವಯಲಿನ್ನನ್ನು ಪಾದಕ್ಕೆ ಊರಿದೆ. ಅಲ್ಲಿಂದ ಅವಳ ಮುಖ ಕಾಣುತ್ತಿರಲಿಲ್ಲ. ಎಡಗೈ ಕಾಣುತ್ತಿತ್ತು, ವಾದ್ಯದ ಕುತ್ತಿಗೆಯ ಹಿಂದಿನ ಭಾಗ, ಬೇರೆ ಯಾರಿಗೂ ಕಾಣದ್ದು. ಅವಳು ಷಡ್ಜ ಹಿಡಿದಳು. ನಾನು ಎಷ್ಟು ಕಡೆ ಸ್ವರ ಬಿಟ್ಟೆ, ಎಲ್ಲಿ ಜಾಗ ತಪ್ಪಿದೆ ನನಗೆ ನೆನಪಿಲ್ಲ. ಕಚೇರಿ ಮುಗಿಯುವವರೆಗೆ ನಾನು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಒಮ್ಮೆಯೂ ಬಿಗಿಯಲಿಲ್ಲ.